ಪೊರೆ ಬಿಟ್ಟ ಸಿಗಡಿಗೆ ಮೂರು ದಿನ ಮರೆ ಬೇಕು

ಬೆಳಿಗ್ಗೆ ಆರೂವರೆಗೆ ಫೋನು. ಸಿಂಧನೂರು ಕಡೆಯ ಕ್ಯಾಂಪೊಂದರ (ವಲಸೆ ಬಂದ ರೈತರ ಊರು) ಹುಡುಗ ಮೀನು ಹೊಂಡದವರಿಂದ ಅಂಗೈ ಉದ್ದದ ನಾಲ್ಕು ಸಿಗಡಿ ತಂದು ಮನೆಯ ಗಾಜಿನ ತೊಟ್ಟಿಗೆ ಬಿಟ್ಟಿದ್ದ. ಅವರ ಕ್ಯಾಂಪಿನಲ್ಲಿ ಇದಕ್ಕೆ ರೊಯ್ಯ ಅಂತಾರೆ, ವ್ಯಾಪಾರದವರು ಸ್ಕ್ಯಾಂಪಿ ಅಂತಾರೆ, ಸಿಹಿನೀರಿನ ದೊಡ್ಡ ಸಿಗಡಿ ಇದು. "ಸರ್, ದೊಡ್ಡದು ಸತ್ತೈತ್ರಿ. ತೆಗೆದು ಹೊರಗ ಒಗೀಲೇನ್ರಿ?"

ಒಗೀಬೇಡಪ್ಪ, ಮೊದಲು ಬೆಳಕಿಗೆ ಹಿಡಿದು ನೋಡು ಅಂದೆ. ಗಾಜಿನಂತೆ ತೆಳ್ಳಗೆ, ತಲೆಯ ಚಿಪ್ಪು ಬಾಲಕ್ಕೆ ಕೂಡುವ ಕಡೆ ಬೆನ್ನ ಮೇಲೆ ಸೀಳು, ಒಳಗೆಲ್ಲ ಖಾಲಿ. ಸತ್ತ ಸಿಗಡಿಯ ಮೈ ಹಾಗಿರುವುದಿಲ್ಲ, ಅದು ಬೆಳ್ಳಗೆ ಮಂಕಾಗುತ್ತದೆ, ಆಮೇಲೆ ಕೆಂಪೇರುತ್ತದೆ. ಅವನ ಕೈಯಲ್ಲಿದ್ದದ್ದು ಪೊರೆ. ಸಿಗಡಿ ಫಿಲ್ಟರಿನ ಹಿಂದೆ ಮುದುಡಿ ಕೂತಿತ್ತು. ಪೊರೆಯನ್ನು ತೊಟ್ಟಿಗೇ ವಾಪಸು ಹಾಕಿಸಿದೆ, ಅದರಲ್ಲಿರುವ ಸುಣ್ಣದ ಅಂಶವನ್ನು ಸಿಗಡಿ ತಿಂದು ಮರಳಿ ಪಡೆಯುತ್ತದೆ.

ಮರುದಿನ ಮತ್ತೆ ಫೋನು. ಈ ಸಲ ನಿಜವಾಗಿಯೂ ಸತ್ತಿತ್ತು. ಉಳಿದ ಮೂರು ಸೇರಿ ಅದನ್ನು ತಿಂದಿದ್ದವು. ಹಿಂದಿನ ದಿನವೇ ಉಳಿದವನ್ನು ಬೇರೆ ಮಾಡು ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ, ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಸಿಗಡಿಗೆ ಎಲುಬಿಲ್ಲ, ಹೊರಚಿಪ್ಪೇ ಅದರ ಗೂಡು. ಚಿಪ್ಪು ಹಿಗ್ಗುವುದಿಲ್ಲವಾದ್ದರಿಂದ ಬೆಳೆಯಬೇಕೆಂದರೆ ಕಳಚಲೇಬೇಕು. ಮರಿಗಳು ಮೇಲಿಂದ ಮೇಲೆ ಕಳಚುತ್ತವೆ, ಬೆಳೆದ ಮೇಲೆ ಅಂತರ ತಿಂಗಳ ಆಸುಪಾಸಿಗೆ ಬರುತ್ತದೆ. ಕಳಚಿದ ತಕ್ಷಣ ನೀರು ಹೀರಿ ಮೈ ಉಬ್ಬಿಸಿಕೊಳ್ಳುತ್ತದೆ, ಆ ಅಳತೆಗೇ ಹೊಸ ಚಿಪ್ಪು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ನಿಲ್ಲಲು ಬಲವಿಲ್ಲ, ಕೊಂಡಿಯಲ್ಲಿ ಕಸುವಿಲ್ಲ. ಎರಡು ಮೂರು ದಿನ ಅದು ಬಾಣಂತಿಯ ಹಾಗೆ, ಮರೆ ಬೇಕು, ಮೌನ ಬೇಕು. ಮನೆಯಲ್ಲಿ ಸಾಯುವ ಸಿಗಡಿಗಳಲ್ಲಿ ಹೆಚ್ಚಿನವು ಸಾಯುವುದು ಈ ದಿನಗಳಲ್ಲೇ ಎಂಬುದು ನನ್ನ ಅನುಭವ.

ಆದ್ದರಿಂದ ನನ್ನ ಹಟ ಒಂದೇ: ಮೂರು ಅಡಿ ತೊಟ್ಟಿಗೆ ಒಂದೇ ಗಂಡು. ಇದು 30 ಸೆಂಟಿಮೀಟರಿನವರೆಗೂ ಬೆಳೆಯುವ ಜಾತಿ. ಕೊಂಡಿ ನೀಲಿಗೆ ತಿರುಗಿದ ಗಂಡು ಪಕ್ಕದಲ್ಲಿ ಇನ್ನೊಂದು ಗಂಡನ್ನು ಸಹಿಸುವುದಿಲ್ಲ, ರಾತ್ರಿ ತಳದಲ್ಲಿ ಮಲಗುವ ಮೀನನ್ನೂ ಬಿಡುವುದಿಲ್ಲ. ಮೂರಿಂಚಿನ ಪಿವಿಸಿ ಪೈಪಿನ ತುಂಡು, ಒಡೆದ ಗಡಿಗೆ, ಮಂಗಳೂರು ಹಂಚು ಇಷ್ಟಿದ್ದರೆ ಅಡಗಲು ಸಾಕು. ಮುಚ್ಚಳದ ಮೇಲೆ ಭಾರ ಇಡಿ. ಗಾಳಿ ಪೈಪು ಹಿಡಿದು ಹತ್ತಿ ಹೊರಬಿದ್ದು ಬೆಳಿಗ್ಗೆ ಮಂಚದ ಕೆಳಗೆ ಒಣಗಿ ಸಿಕ್ಕ ಸಿಗಡಿಗಳನ್ನು ನೋಡಿದ್ದೇನೆ.

ಇನ್ನು ನೀರು. ನಮ್ಮ ಬೋರಿನ ನೀರು ಬಹಳ ಕಡೆ ಸವಳು, ಗಡಸು. ಗಡಸುತನ ಲೀಟರಿಗೆ 300 ಮಿಲಿಗ್ರಾಂ ದಾಟಿದರೆ ಈ ಜಾತಿ ಸರಿಯಾಗಿ ಬೆಳೆಯುವುದಿಲ್ಲ. ಅದಕ್ಕೆ ಹೆದರಿ ಊರಿನ ಶುದ್ಧ ನೀರಿನ ಘಟಕದ ಕ್ಯಾನುಗಳನ್ನೇ ತಂದು ಸುರಿಯುವವರಿದ್ದಾರೆ. ಲವಣ ಸೋಸಿ ತೆಗೆದ ಆ ಆರ್‌ಓ ನೀರಿನಲ್ಲಿ ಸುಣ್ಣದ ಅಂಶ ಬಹುತೇಕ ಉಳಿದಿರುವುದಿಲ್ಲ, ಕಳಚಿದ ಸಿಗಡಿಯ ಚಿಪ್ಪು ಮೆತ್ತಗೇ ಉಳಿಯುತ್ತದೆ. ಎರಡನ್ನೂ ಬೆರೆಸಿ, ಗಡಸುತನ ನೋಡುವ ಕಿಟ್‌ನಲ್ಲಿ ಅಳೆದು 150ರ ಆಸುಪಾಸಿಗೆ ತನ್ನಿ. ಶಹಾಬಾದ್ ಕಲ್ಲಿನ ತುಂಡು ಹಾಕಿ ಗುಹೆ ಮಾಡುವವರಿಗೆ ಒಂದು ಮಾತು: ಅದು ಸುಣ್ಣದ ಕಲ್ಲು, ನಿಂಬೆರಸ ಹಾಕಿದರೆ ನೊರೆ ಬರುತ್ತದೆ. ಗಡಸು ನೀರಿದ್ದಲ್ಲಿ ಬೇಡ.

ತಾಮ್ರದ ಕೊಡದಲ್ಲಿ ರಾತ್ರಿ ಇಟ್ಟ ನೀರು ಮನುಷ್ಯರಿಗೇ ಇರಲಿ. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಹಾಕುವ ಕೆಲವು ಔಷಧಗಳಲ್ಲೂ ತಾಮ್ರ ಇರುತ್ತದೆ, ಮೀನು ತಡೆದುಕೊಳ್ಳುವ ಪ್ರಮಾಣವೇ ಸಿಗಡಿಯನ್ನು ಕೊಲ್ಲಬಲ್ಲದು. ಭತ್ತಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಗದ್ದೆ ಬಸಿದ ನೀರು ಸೇರುವ ಹಳ್ಳದಿಂದಾಗಲಿ ಕಾಲುವೆಯಿಂದಾಗಲಿ ನೀರು ತರಬೇಡಿ. ಸೊಳ್ಳೆಗೆ ಹೊಡೆಯುವ ಸ್ಪ್ರೇಯಲ್ಲಿರುವುದೂ ಅದೇ ಬಗೆಯ ವಿಷ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದು ನೆನಪಿರಲಿ.

ನಮ್ಮ ಬೇಸಿಗೆಯೇ ದೊಡ್ಡ ಪರೀಕ್ಷೆ. ಈ ಸಿಗಡಿಗೆ 28ರಿಂದ 31 ಡಿಗ್ರಿ ಹಿತ. ಮೇ ತಿಂಗಳಲ್ಲಿ ರಾಯಚೂರಿನ ಹೊರಗೆ 40 ದಾಟಿದಾಗ ಕೋಣೆಯ ತೊಟ್ಟಿ 34, 35ಕ್ಕೆ ಏರುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 35ರಲ್ಲಿ ಹಿಡಿಯುವುದು 7 ಮಾತ್ರ. ಪೊರೆ ಬಿಡುವಾಗ ಸಿಗಡಿಗೆ ಉಸಿರು ಹೆಚ್ಚು ಬೇಕು, ಕರೆಂಟು ಹೋಗುವುದೂ ಆಗಲೇ. ಬ್ಯಾಟರಿ ಪಂಪೊಂದನ್ನು ಕೊಂಡಿಟ್ಟುಕೊಳ್ಳಿ. ಮುಚ್ಚಳದ ಜಾಗಕ್ಕೆ ಜಾಲರಿ ಬಿಗಿದು ನೀರಿನ ಮೇಲೆ ಫ್ಯಾನು ತಿರುಗಿಸಿದರೆ ಹೂಜಿಯ ನೀರಿನಂತೆ ಆವಿಯಾಗಿ ತಂಪಾಗುತ್ತದೆ. ಐಸ್ ಸುರಿಯಬೇಡಿ, ಒಮ್ಮೆಲೇ ಅರ್ಧ ತೊಟ್ಟಿ ನೀರು ಬದಲಿಸಬೇಡಿ. ಅಂಥ ಆಘಾತಕ್ಕೆ ಸಿಗಡಿ ಅವಧಿಗೆ ಮೊದಲೇ ಪೊರೆ ಬಿಡಬಹುದು.

ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣನ್ನು ಕಂಡು ಮರಿ ಬರುತ್ತವೆಂದು ಕಾಯುವವರು ಹಲವರು. ಮೊಟ್ಟೆ ಒಡೆಯುತ್ತವೆ, ಆದರೆ ಸಿಹಿನೀರಿನಲ್ಲಿ ಲಾರ್ವಾಗಳು ಬದುಕುವುದಿಲ್ಲ. ಅವಕ್ಕೆ ಅಳಿವೆಯ ಉಪ್ಪುಮಿಶ್ರಿತ ನೀರು ಬೇಕೆಂದು ಮಲೇಷ್ಯಾದಲ್ಲಿ ವಿಜ್ಞಾನಿ ಶಾವೊ ವೆನ್ ಲಿಂಗ್ 1961ರಲ್ಲಿ ಕಂಡುಕೊಂಡ ಮೇಲೆಯೇ ಸಾಕಣೆಗೆ ದಾರಿಯಾದದ್ದು. ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡಿನಿಂದ ಕೃಷ್ಣೆಯ ಅಳಿವೆ ನೂರಾರು ಕಿಲೋಮೀಟರು ದೂರ.

ಪೊರೆ ಕಂಡ ದಿನ ಮಾಡಬೇಕಾದದ್ದು ಸ್ವಲ್ಪವೇ. ಜೊತೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಅವನ್ನು ಬಕೆಟ್ಟಿಗೆ ತೆಗೆದು ಗಾಳಿ ಹಾಕಿ, ಮೆತ್ತಗಿರುವ ಸಿಗಡಿಯನ್ನು ಮುಟ್ಟಬೇಡಿ. ದೀಪ ಆರಿಸಿ. ಮೇವು ಬೇಡ, ತಿನ್ನದೆ ಉಳಿದದ್ದು ಕೊಳೆತು ನೀರು ಕೆಡುತ್ತದೆ. ತಾನಾಗಿ ಹೊರಬಂದು ತಳ ಕೆದಕತೊಡಗಿದ ಸಂಜೆ ಮುಳುಗುವ ಮೇವಿನ ಗುಳಿಗೆ ನಾಲ್ಕು ಹಾಕಿ.

ಆ ಹುಡುಗನ ತೊಟ್ಟಿಯಲ್ಲಿ ಈಗ ಒಂದೇ ಗಂಡು. ಮೊನ್ನೆ ಅದರ ಪೊರೆಯ ಪಕ್ಕ ಸ್ಕೇಲು ಇಟ್ಟು ಫೋಟೋ ಕಳಿಸಿದ್ದ. ಹಿಂದಿನದಕ್ಕಿಂತ ಒಂದು ಸೆಂಟಿಮೀಟರು ಉದ್ದ.