ಬಿಸಿಲು ಪುಕ್ಕಟೆ, ಬಡ್ಡಿ ಅಲ್ಲ

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ಮಾತು ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಒಂದೇ: ‘ಇದು ಸರ್ಕಾರದ ದುಡ್ಡಾ, ಕಂಪನಿಯವರ ದುಡ್ಡಾ?’ ಎರಡೂ ಹೌದು. ಕಣ್ಣಿಗೆ ಕಾಣುವ ಪ್ಯಾನೆಲ್‌ಗಳಿಗೆ ದುಡ್ಡು ಹಾಕಿದ್ದು ಕಂಪನಿಗಳು ಮತ್ತು ಅವುಗಳಿಗೆ ಸಾಲ ಕೊಟ್ಟವರು. ಸರ್ಕಾರದ ದುಡ್ಡು ಇರುವುದು ಅದರ ಹಿಂದೆ.

ಇಂಥ ಯೋಜನೆಗಳ ಸಾಲದ ಅರ್ಜಿ ಓದುವುದೇ ನನ್ನ ಕೆಲಸ. ಶಾಖೋತ್ಪನ್ನ ಸ್ಥಾವರಕ್ಕೆ ದಿನಾ ಕಲ್ಲಿದ್ದಲು ಬೇಕು. ಸೋಲಾರ್‌ನಲ್ಲಿ ಹಾಗಲ್ಲ, ಹೆಚ್ಚುಕಡಿಮೆ ಎಲ್ಲ ಖರ್ಚೂ ಮೊದಲ ದಿನವೇ. ಹಾಗಾಗಿ ಕರೆಂಟಿನ ದರದಲ್ಲಿ ಬಡ್ಡಿಯದೇ ದೊಡ್ಡ ಪಾಲು. ಒಂದು ಲೆಕ್ಕ ಹಾಕೋಣ. ಒಂದು ಮೆಗಾವಾಟ್‌ಗೆ 4 ಕೋಟಿ ಖರ್ಚು ಅಂದುಕೊಳ್ಳಿ. ಅದರಲ್ಲಿ ಶೇ 70 ಪಾಲು ಸಾಲ, ಅಂದರೆ 2.8 ಕೋಟಿ. ಬಡ್ಡಿ ಶೇ 1ರಷ್ಟು ಏರಿದರೆ ಮೊದಲ ವರ್ಷವೇ 2.8 ಲಕ್ಷ ಜಾಸ್ತಿ ಕಟ್ಟಬೇಕು. ಆ ಮೆಗಾವಾಟ್ ವರ್ಷಕ್ಕೆ ಸುಮಾರು 18 ಲಕ್ಷ ಯೂನಿಟ್ ಕೊಡುತ್ತದೆ. ಯೂನಿಟ್‌ಗೆ ಸುಮಾರು 16 ಪೈಸೆ ಏರಿತು, ಅಲ್ವಾ? ಕಡಿಮೆ ದರ ಹೇಳಿದ ಕಂಪನಿಗೇ ಯೋಜನೆ ಸಿಗುವ ಹರಾಜಿನಲ್ಲಿ ಒಂದೊಂದು ಪೈಸೆಗೂ ಪೈಪೋಟಿ ಇರುತ್ತದೆ.

ಸಾಲ ಕೊಡುವವರು ಸುಮ್ನೆ ಬಡ್ಡಿ ಏರಿಸುವುದಿಲ್ಲ. ಜಮೀನಿನ ಪತ್ರ ಸರಿ ಇದೆಯಾ, ತಯಾರಾದ ಕರೆಂಟು ಹೋಗಲು ಲೈನ್ ಇದೆಯಾ, ಕೊಂಡವರು ಹೊತ್ತಿಗೆ ಸರಿಯಾಗಿ ಬಿಲ್ ಕಟ್ಟುತ್ತಾರಾ: ಭಯ ಈ ಮೂರರದ್ದು. ಪ್ಯಾನೆಲ್ ಎಲ್ಲ ನಿಂತ ಮೇಲೂ ಲೈನ್ ಬರದೆ ತಿಂಗಳುಗಟ್ಟಲೆ ಖಾಲಿ ಕೂತ ಯೋಜನೆಯನ್ನು ನಾನೇ ನೋಡಿದ್ದೇನೆ. ಬಿಸಿಲು ಬೀಳುತ್ತಿತ್ತು, ಬಡ್ಡಿಯೂ ಬೆಳೆಯುತ್ತಿತ್ತು.

ಪಾವಗಡದಲ್ಲಿ ಸರ್ಕಾರದ ದುಡ್ಡು ತೆಗೆದದ್ದು ಮೊದಲ ಎರಡು ಭಯವನ್ನು. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೆಕಿ ಸೇರಿ 2015ರಲ್ಲಿ ಒಂದು ನಿಗಮ ಕಟ್ಟಿದವು. ಅದು ತಿರುಮಣಿ, ಬಳಸಮುದ್ರ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯನ್ನು ರೈತರಿಂದ 28 ವರ್ಷಕ್ಕೆ ಗುತ್ತಿಗೆಗೆ ಪಡೆದು, ರಸ್ತೆ, ಸಬ್‌ಸ್ಟೇಷನ್ ಮಾಡಿ ಕಂಪನಿಗಳಿಗೆ ಕೊಟ್ಟಿತು. ಸೋಲಾರ್ ಪಾರ್ಕ್ ಯೋಜನೆಯಡಿ ಕೇಂದ್ರ ಮೆಗಾವಾಟ್‌ಗೆ 20 ಲಕ್ಷ ಅಥವಾ ಖರ್ಚಿನ ಶೇ 30, ಯಾವುದು ಕಡಿಮೆಯೋ ಅಷ್ಟು ನೆರವು ನಿಗದಿ ಮಾಡಿತ್ತು. ಆ 20 ಲಕ್ಷದಲ್ಲಿ 12 ಲಕ್ಷ ಪಾರ್ಕ್ ಕಟ್ಟುವವರಿಗೆ, 8 ಲಕ್ಷ ಲೈನ್ ಎಳೆಯುವವರಿಗೆ. ಇಷ್ಟು ಚಿಕ್ಕ ದುಡ್ಡು ಅದರ ಎಷ್ಟೋ ಪಟ್ಟು ಖಾಸಗಿ ಬಂಡವಾಳವನ್ನು ಎಳೆದು ತಂದಿತು. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಶುರುವಾಯಿತು. ಈಗ ಪಾರ್ಕ್ 2,050 ಮೆಗಾವಾಟಿನದು.

ಜಮೀನು ಕಿತ್ತುಕೊಳ್ಳದೆ ಗುತ್ತಿಗೆ ಪಡೆದದ್ದು ನನ್ನ ಪ್ರಕಾರ ಇಲ್ಲಿನ ಅತಿ ಒಳ್ಳೆಯ ತೀರ್ಮಾನ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುವ ಊರಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಖಾತ್ರಿ ಆದಾಯ ಎನ್ನುವುದು ಸಣ್ಣ ಮಾತಲ್ಲ. ಆದರೆ ಏರಿಕೆ ಎರಡು ವರ್ಷಕ್ಕೊಮ್ಮೆ ಬರೀ ಶೇ 5. ಹೀಗೇ ಹೋದರೆ ಗುತ್ತಿಗೆಯ ಕೊನೆಯಲ್ಲಿ ಸಿಗುವುದು ಎಕರೆಗೆ ಸುಮಾರು 39,600. ಅಷ್ಟರಲ್ಲಿ ಅಕ್ಕಿ ಬೇಳೆ ದರ ಎಲ್ಲಿರುತ್ತದೋ! ಈ ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕಿತ್ತು.

ಇದಕ್ಕಿಂತ ನನ್ನನ್ನು ಕಾಡುವುದು ಜಮೀನೇ ಇಲ್ಲದವರು. ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇಲ್ಲ. ಹೊಲ ಹೋಯಿತು, ಕೂಲಿಯೂ ಹೋಯಿತು. ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು, ಕಾವಲು ಕಾಯುವುದು ಎಲ್ಲರಿಗೂ ಸಾಲುವಷ್ಟಿಲ್ಲ.

ಇದಕ್ಕೂ ದುಡ್ಡಿನ ದಾರಿ ಇದೆ. 2,000 ಮೆಗಾವಾಟ್ ಅಂದರೆ ವರ್ಷಕ್ಕೆ ಸುಮಾರು 360 ಕೋಟಿ ಯೂನಿಟ್. ಇವರಿಗೆಂದು ಯೂನಿಟ್‌ಗೆ ಒಂದೇ ಪೈಸೆ ತೆಗೆದಿಟ್ಟರೂ ವರ್ಷಕ್ಕೆ 3.6 ಕೋಟಿ, ಅದೂ ಕರೆಂಟು ಮಾರುವ ಒಪ್ಪಂದದ 25 ವರ್ಷವೂ. ಹರಾಜಿಗೆ ಮುಂಚೆಯೇ ಇದನ್ನು ಷರತ್ತಾಗಿ ಬರೆದರೆ ಎಲ್ಲ ಕಂಪನಿಗೂ ಹೊರೆ ಒಂದೇ, ಸಾಲ ಕೊಡುವವರಿಗೂ ಲೆಕ್ಕ ಸ್ಪಷ್ಟ. ಮುಂದಿನ ಪಾರ್ಕಿನ ಅರ್ಜಿ ನನ್ನ ಮೇಜಿಗೆ ಬಂದಾಗ ನಾನು ಮೊದಲು ಹುಡುಕುವುದು ಈ ಒಂದು ಸಾಲನ್ನು.