ಮನೆ ಬದಲಾಯಿತು, ವಿಳಾಸ ಬದಲಾಗಲಿಲ್ಲ

"ಫೋಟೋ ಎಲ್ಲ ಹೋಯ್ತು ಕಣೋ" ಎಂದು ಚಿಕ್ಕಮ್ಮ ಫೋನ್ ಮಾಡಿದ್ದು ಒಂದು ಭಾನುವಾರ ಬೆಳಗ್ಗೆ. ಹಿಂದಿನ ವಾರವಷ್ಟೇ ಅವರ ಹಳೇ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ವೇಗದ ಹೊಸ ಬಗೆಯ ಡಿಸ್ಕ್, ಹಾಕಿಸಿದ್ದರು. ವಿಂಡೋಸ್ ಅದರಲ್ಲಿ ಹೊಸದಾಗಿ ಕೂತಿತು, ಅದೇ ಸಿ ಡ್ರೈವ್ ಆಯಿತು. ಹಳೇ ಹಾರ್ಡ್ ಡಿಸ್ಕ್ ಡಿ ಡ್ರೈವ್ ಆಗಿ ಪಕ್ಕದಲ್ಲಿ ಉಳಿಯಿತು. ಪಿಕ್ಚರ್ಸ್ ತೆರೆದರೆ ಖಾಲಿ. ಯಾರೋ ಫೋನಿನಲ್ಲಿ ಹೇಳಿಕೊಟ್ಟಂತೆ ಚಿಕ್ಕಮ್ಮ ಪಿಕ್ಚರ್ಸನ್ನೂ ಡಾಕ್ಯುಮೆಂಟ್ಸನ್ನೂ ಡಿ ಡ್ರೈವಿಗೆ ತಿರುಗಿಸಿದ್ದರು.

ನಾನು ಹೋಗಿ ನೋಡುವಷ್ಟರಲ್ಲಿ ಇಡೀ ಡಿ ಡ್ರೈವೇ ಪಿಕ್ಚರ್ಸ್ ಆಗಿತ್ತು. ಪಿಕ್ಚರ್ಸ್ ಒತ್ತಿದರೂ ಅದೇ, ಡಾಕ್ಯುಮೆಂಟ್ಸ್ ಒತ್ತಿದರೂ ಅದೇ. ಒಳಗೆ ಭಜನೆಯ ಹಾಡುಗಳು, ಬ್ಯಾಂಕಿನ ಕಾಗದಗಳು, ಹಳೇ ವಿಂಡೋಸಿನ ಫೋಲ್ಡರುಗಳು, ಎಲ್ಲ ಒಂದರ ಪಕ್ಕ ಒಂದು. ನಾನು ಹೇಳಿದ್ದು ಇಷ್ಟೇ: "ಚಿಕ್ಕಮ್ಮ, ಏನೂ ಅಳಿಸಬೇಡಿ. ಫೋಟೋ ಎಲ್ಲೂ ಹೋಗಿಲ್ಲ."

ಧೈರ್ಯ ಹೇಳಲು ಸುಮ್ನೆ ಆಡಿದ ಮಾತಲ್ಲ ಅದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಇವು ಬೇರೆ ಫೋಲ್ಡರುಗಳ ಹಾಗೆ ಕಂಡರೂ ಒಂದು ವ್ಯತ್ಯಾಸವಿದೆ. ನೀವೇ ಮಾಡಿಕೊಂಡ ಫೋಲ್ಡರ್ ಎಲ್ಲಿದೆಯೋ ಅಲ್ಲಿದೆ, ಅಷ್ಟೇ. ಪಿಕ್ಚರ್ಸ್ ಹಾಗಲ್ಲ. ಅದು ಒಂದು ಹೆಸರು. ಆ ಹೆಸರಿನ ಮುಂದೆ ಒಂದು ವಿಳಾಸವನ್ನು ವಿಂಡೋಸ್ ಬೇರೆ ಕಡೆ ಬರೆದಿಟ್ಟುಕೊಂಡಿರುತ್ತದೆ. ನೀವು ಒತ್ತಿದಾಗ ಆ ವಿಳಾಸ ಓದಿ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ಮನೆ ಬದಲಾಯಿಸಿ ರೇಷನ್ ಕಾರ್ಡಿನಲ್ಲಿ ಹಳೇ ವಿಳಾಸವೇ ಉಳಿದರೆ ಏನಾಗುತ್ತದೆ? ಮನುಷ್ಯರು ಹೊಸ ಮನೆಯಲ್ಲಿ ಕ್ಷೇಮವಾಗಿರುತ್ತಾರೆ, ಹುಡುಕಿಕೊಂಡು ಬಂದವರು ಹಳೇ ಮನೆಯ ಬಾಗಿಲು ತಟ್ಟುತ್ತಾರೆ. ಚಿಕ್ಕಮ್ಮನ ಫೋಟೋಗಳಿಗೆ ಆಗಿದ್ದೂ ಇದೇ.

ಹಾಗಾದರೆ ಒಂದು ಫೈಲನ್ನು ಸಾಗಿಸುವುದು ಎಂದರೇನು? ಡಿ ಡ್ರೈವಿನ ಒಂದು ಫೋಲ್ಡರಿನಿಂದ ಡಿ ಡ್ರೈವಿನದೇ ಇನ್ನೊಂದು ಫೋಲ್ಡರಿಗೆ ಎಷ್ಟೇ ದೊಡ್ಡ ವಿಡಿಯೋ ಹಾಕಿ, ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಅದನ್ನೇ ಸಿ ಡ್ರೈವಿಗೆ ಹಾಕಿದರೆ ಹಸಿರು ಪಟ್ಟಿ ನಿಧಾನವಾಗಿ ತೆವಳುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಪ್ರತಿ ಡ್ರೈವಿಗೂ ಒಂದು ದೊಡ್ಡ ದಾಖಲೆ ಪುಸ್ತಕವಿದೆ. ಪ್ರತಿ ಫೈಲಿಗೆ ಅದರಲ್ಲಿ ಸಾಮಾನ್ಯವಾಗಿ 1,024 ಬೈಟುಗಳ ಒಂದು ಪುಟ. ಫೈಲಿನ ಹೆಸರೇನು, ಅದು ಯಾವ ಫೋಲ್ಡರಿಗೆ ಸೇರಿದ್ದು, ಅದರ ಮಾಹಿತಿ ಡಿಸ್ಕಿನ ಯಾವ ಜಾಗದಲ್ಲಿದೆ, ಎಲ್ಲ ಅಲ್ಲಿರುತ್ತದೆ. ಒಂದೇ ಡ್ರೈವಿನೊಳಗೆ ಸಾಗಿಸಿದರೆ ಈ ಬರಹ ಮಾತ್ರ ತಿದ್ದಿದರೆ ಸಾಕು. ಸೈಟು ಮಾರಿದಾಗ ಖಾತೆ ಬದಲಾಗುತ್ತದೆ, ಸೈಟು ಇದ್ದಲ್ಲೇ ಇರುತ್ತದೆ ಅಲ್ವಾ, ಹಾಗೆ. ಡ್ರೈವ್ ಬದಲಾದರೆ ಪುಸ್ತಕವೇ ಬೇರೆ. ಆಗ ಒಂದೊಂದು ಬೈಟನ್ನೂ ಅಲ್ಲಿ ಹೊಸದಾಗಿ ಬರೆದು, ಆಮೇಲೆ ಇಲ್ಲಿಯದನ್ನು ಅಳಿಸಬೇಕು. ಅರ್ಧದಲ್ಲಿ ಕರೆಂಟ್ ಹೋದರೆ ಕೆಲವು ಅಲ್ಲಿ, ಕೆಲವು ಇಲ್ಲಿ. ಅದಕ್ಕೇ ನಾನು ಡ್ರೈವಿನಿಂದ ಡ್ರೈವಿಗೆ ಯಾವತ್ತೂ ಕಟ್ ಮಾಡುವುದಿಲ್ಲ. ಕಾಪಿ ಮಾಡಿ, ಎಣಿಸಿ, ತೆರೆದು ನೋಡಿ, ಕೆಲವು ದಿನ ಬಿಟ್ಟು ಹಳೆಯದನ್ನು ಅಳಿಸುತ್ತೇನೆ.

ಸಿ, ಡಿ ಎಂಬ ಅಕ್ಷರಗಳೂ ಹಳೇ ಕಾಲದವು. ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಾಗಿದ್ದವು, ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ ಸಿ ಸಿಕ್ಕಿತು. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿದ್ದ ಹಾರ್ಡ್ ಡಿಸ್ಕಿನ ಗಾತ್ರ 10 ಎಂಬಿ. ಇವತ್ತಿನ ಮೊಬೈಲಿನ ಎರಡು ಮೂರು ಫೋಟೋಗೆ ಅದು ತುಂಬಿಹೋಗುತ್ತದೆ. ನಮ್ಮಲ್ಲಿ ಅಂಗಡಿಯವರು ಕಂಪ್ಯೂಟರ್ ಜೋಡಿಸಿ ಕೊಡುವಾಗ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡಿ, "ಸಿ ಡ್ರೈವಿನಲ್ಲಿ ಏನೂ ಇಡಬೇಡಿ" ಎನ್ನುತ್ತಿದ್ದರು. ವಿಂಡೋಸ್ ಕೆಟ್ಟು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೂ ನಿಮ್ಮದು ಉಳಿಯಲಿ ಎಂದು. ಒಳ್ಳೆಯ ಮಾತೇ. ಆದರೆ ಡಿಸ್ಕೇ ಕೆಟ್ಟರೆ ಮೂರೂ ಪಾಲು ಒಟ್ಟಿಗೆ ಹೋಗುತ್ತವೆ ಎಂಬುದನ್ನು ಜನ ಮರೆಯುತ್ತಾರೆ.

ಚಿಕ್ಕಮ್ಮನ ಕಂಪ್ಯೂಟರಿಗೆ ಬರೋಣ. ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಲೊಕೇಶನ್ ಎಂಬ ಪುಟ ಸಿಗುತ್ತದೆ. ವಿಳಾಸ ತಿದ್ದುವ ಸರಿಯಾದ ಜಾಗ ಇದೇ. ಅವರು ಬಂದದ್ದೂ ಇಲ್ಲಿಗೇ. ಆದರೆ ಡಿ ಡ್ರೈವಿನಲ್ಲಿ ಪಿಕ್ಚರ್ಸ್ ಎಂಬ ಫೋಲ್ಡರ್ ಮಾಡಿ ಅದನ್ನು ತೋರಿಸುವ ಬದಲು ಬರೀ ಡಿ ಡ್ರೈವನ್ನೇ ತೋರಿಸಿಬಿಟ್ಟಿದ್ದರು. ಮನೆ ನಂಬರ್ ಬರೆಯದೆ ಊರಿನ ಹೆಸರಷ್ಟೇ ಬರೆದ ಹಾಗಾಯಿತು. ಡಾಕ್ಯುಮೆಂಟ್ಸಿಗೂ ಅದೇ ಊರು. ಒಂದೇ ವಿಳಾಸಕ್ಕೆ ಎರಡು ಹೆಸರು ಸೇರಿದ ಮೇಲೆ ಯಾವ ಫೈಲು ಯಾವುದಕ್ಕೆ ಸೇರಿದ್ದು ಎಂದು ವಿಂಡೋಸ್ ಬೇರ್ಪಡಿಸಲಾರದು.

ಅದೇ ಪುಟದಲ್ಲಿ ರಿಸ್ಟೋರ್ ಡಿಫಾಲ್ಟ್ ಎಂಬ ಗುಂಡಿಯಿದೆ. ಅದನ್ನು ಒತ್ತಿ ಅಪ್ಲೈ ಎಂದರೆ, ಹಳೇ ಜಾಗದಲ್ಲಿರುವ ಫೈಲುಗಳನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಲೇ ಎಂದು ಒಂದು ಪುಟ್ಟ ಪೆಟ್ಟಿಗೆ ಕೇಳುತ್ತದೆ. ಇಲ್ಲಿ ಉಸಿರು ಬಿಗಿಹಿಡಿದು ಓದಿ. ಹಳೇ ಜಾಗ ಎಂದರೆ ಈಗ ಇಡೀ ಡಿ ಡ್ರೈವ್! ಹೌದು ಎಂದರೆ ಡ್ರೈವಿನಲ್ಲಿ ಇರುವುದನ್ನೆಲ್ಲ ಸಿ ಡ್ರೈವಿನ ಪಿಕ್ಚರ್ಸಿಗೆ ಸುರಿಯಲು ಹೊರಡುತ್ತದೆ. ಬೇಡ ಎನ್ನಬೇಕು. ವಿಳಾಸ ಮಾತ್ರ ಸರಿಯಾಗಲಿ, ಸಾಮಾನು ನಾವೇ ಸಾಗಿಸೋಣ.

ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ನಮಗೆ ಆಗಲಿಲ್ಲ. ಅದೇ ಜಾಗದಲ್ಲಿ ಇನ್ನೊಂದು ಫೋಲ್ಡರ್ ಇದೆ, ಬದಲಾಯಿಸಲಾಗದು ಎಂಬ ಸಂದೇಶ ಬಂತು. ಆಗ ವಿಳಾಸ ಬರೆದಿಟ್ಟ ಪುಸ್ತಕವನ್ನೇ ತೆರೆಯಬೇಕಾಯಿತು. ಅದು ರಿಜಿಸ್ಟ್ರಿ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಜಾಗ. ಅದರಲ್ಲಿ ಎಚ್‌ಕೀ ಕರೆಂಟ್ ಯೂಸರ್, ಅದರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್, ಕೊನೆಗೆ ಯೂಸರ್ ಶೆಲ್ ಫೋಲ್ಡರ್ಸ್. ಇಲ್ಲಿ ಸಾಲಾಗಿ ಹೆಸರು, ಎದುರಿಗೆ ವಿಳಾಸ. ಹೆಸರುಗಳು ಇನ್ನೂ ಹಳೇ ಕಾಲದವೇ. ಡಾಕ್ಯುಮೆಂಟ್ಸಿಗೆ ಇಲ್ಲಿ ಪರ್ಸನಲ್ ಎಂಬ ಹೆಸರು. ಪಿಕ್ಚರ್ಸಿಗೆ ಮೈ ಪಿಕ್ಚರ್ಸ್. ಡೌನ್‌ಲೋಡ್ಸಿಗಂತೂ ಹೆಸರೇ ಇಲ್ಲ, 374ರಿಂದ ಶುರುವಾಗುವ ಉದ್ದನೆಯ ಗುರುತು ಮಾತ್ರ. ಪಕ್ಕದಲ್ಲೇ ಶೆಲ್ ಫೋಲ್ಡರ್ಸ್ ಎಂಬ ಇನ್ನೊಂದು ಕೀ (ರಿಜಿಸ್ಟ್ರಿಯೊಳಗಿನ ಫೋಲ್ಡರಿನಂಥದ್ದು) ಇದೆ. ಅದರೊಳಗಿನ ಒಂದು ಸಾಲಿನ ಹೆಸರೇ ಈ ಕೀಯನ್ನು ಬಳಸಬೇಡಿ ಎಂಬ ಎಚ್ಚರಿಕೆ. ಹಳೇ ಪ್ರೋಗ್ರಾಮುಗಳಿಗಾಗಿ ಉಳಿಸಿಕೊಂಡದ್ದು ಅದು, ಮುಟ್ಟುವುದು ಬೇಡ.

ತಿದ್ದುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಂಡೆ. ಇದನ್ನು ಯಾರೂ ಬಿಡಬಾರದು. ಆಮೇಲೆ ಮೈ ಪಿಕ್ಚರ್ಸ್ ಎದುರಿಗಿದ್ದ ಡಿ ಡ್ರೈವಿನ ವಿಳಾಸ ತೆಗೆದು, ಎರಡು ಶೇಕಡಾ ಚಿಹ್ನೆಗಳ ನಡುವೆ ಯೂಸರ್‌ಪ್ರೊಫೈಲ್ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ಹಿಂದಕ್ಕೆ ವಾಲಿದ ಗೀಟು, ಮುಂದೆ ಪಿಕ್ಚರ್ಸ್ ಎಂದು ಹಾಕಿದೆ. ಆ ಶೇಕಡಾ ಚಿಹ್ನೆಗಳ ನಡುವಿನ ಪದವೆಂದರೆ, ಈಗ ಲಾಗಿನ್ ಆದವರ ಮನೆ ಎಂದು ಅರ್ಥ. ಡಾಕ್ಯುಮೆಂಟ್ಸಿಗೂ ಹಾಗೆಯೇ. ಅದೇ ತಪ್ಪು ವಿಳಾಸ ಇದ್ದ ಬೇರೆ ಸಾಲುಗಳನ್ನೂ ತಿದ್ದಿ, ಸೈನ್ ಔಟ್ ಆಗಿ ಮತ್ತೆ ಬಂದಾಗ ಡಿ ಡ್ರೈವ್ ಮತ್ತೆ ಡಿ ಡ್ರೈವ್ ಆಗಿತ್ತು. ಅದರಲ್ಲೊಂದು ಪಿಕ್ಚರ್ಸ್ ಫೋಲ್ಡರ್ ಮಾಡಿದೆವು. ಈ ಸಲ ಲೊಕೇಶನ್ ಪುಟದಲ್ಲಿ ಸರಿಯಾಗಿ ಆ ಫೋಲ್ಡರನ್ನೇ ತೋರಿಸಿ, ಫೋಟೋಗಳನ್ನು ಕೈಯಾರೆ ಅದಕ್ಕೆ ಕಾಪಿ ಮಾಡಿದೆವು.

ಇನ್ನೊಂದು ಗೋಜಲು ಉಳಿದಿತ್ತು. ಹಳೇ ಫೋಟೋ ಎಂದು ಹೆಸರಿಟ್ಟಿದ್ದ ಫೋಲ್ಡರ್ ಕೂಡ ಪಿಕ್ಚರ್ಸ್ ಎಂದೇ ತೋರಿಸುತ್ತಿತ್ತು, ಎಷ್ಟು ಸಲ ಹೆಸರು ಬದಲಿಸಿದರೂ. ಕಾರಣ ಅದರೊಳಗೆ ಅಡಗಿದ್ದ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಎಂಬ ಚಿಕ್ಕ ಫೈಲು. ಫೋಲ್ಡರಿಗೆ ಯಾವ ಚಿತ್ರ, ಯಾವ ಹೆಸರು ತೋರಿಸಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಈ ಫೋಲ್ಡರುಗಳ ಹೆಸರು ಕನ್ನಡದಲ್ಲಿ ಕಾಣುವುದೂ ಇದರಿಂದಲೇ, ಡಿಸ್ಕಿನ ಮೇಲೆ ಇಂಗ್ಲಿಷ್ ಹೆಸರೇ ಇರುತ್ತದೆ. ಫೋಲ್ಡರ್ ಕಾಪಿ ಮಾಡಿದಾಗ ಈ ಫೈಲೂ ಜೊತೆಗೆ ಬಂದಿತ್ತು. ಅಳಿಸಿದೆ, ಸರಿಹೋಯಿತು.

ಕೊನೆಗೆ ಚಿಕ್ಕಮ್ಮ ಒಂದು ಫೋಟೋದ ಪ್ರಾಪರ್ಟೀಸ್ ನೋಡಿ ಮತ್ತೆ ಗಾಬರಿಯಾದರು. "ಮದುವೆ ಫೋಟೋಗೆ ಇವತ್ತಿನ ತಾರೀಕು ಬಂದಿದೆಯಲ್ಲೋ?" ಕಾಪಿ ಮಾಡಿದರೆ ಹೊಸ ಫೈಲು ಹುಟ್ಟಿದ ದಿನ ಇವತ್ತೇ ಆಗುತ್ತದೆ. ಆದರೆ ಕ್ಯಾಮೆರಾ ಫೋಟೋ ತೆಗೆದ ಹೊತ್ತನ್ನು ಫೋಟೋದ ಒಳಗೇ ಬರೆದಿರುತ್ತದೆ, ಅದಕ್ಕೆ ಏನೂ ಆಗಿರುವುದಿಲ್ಲ. ಡೀಟೇಲ್ಸ್ ಪುಟಕ್ಕೆ ಹೋದೆವು. ಡೇಟ್ ಟೇಕನ್ ಎಂಬುದರ ಎದುರಿಗೆ ಮಗಳ ಮದುವೆಯ ದಿನ, ಮುಹೂರ್ತದ ಹೊತ್ತಿನ ಸಮೇತ, ಹಾಗೇ ಇತ್ತು.