ತಟ್ಟೆ ಬಡಿದು ನೋಡಿದರೆ ಕಿವಿಯ ಪರೀಕ್ಷೆಯಾಗುವುದಿಲ್ಲ

ಮಂಡ್ಯದಲ್ಲಿ ಮಕ್ಕಳ ವೈದ್ಯೆಯಾಗಿ ಕೆಲಸ ಮಾಡುತ್ತಾ ಬಂದಿರುವ ಇಷ್ಟು ವರ್ಷಗಳಲ್ಲಿ, ವರ್ಷದೊಳಗಿನ ಮಗುವನ್ನು ಎತ್ತಿಕೊಂಡು ಬರುವ ತಂದೆತಾಯಿಯರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮಗುವಿನ ಕೈಕಾಲಿಗೆ ಸಂಬಂಧಿಸಿದವೇ ಆಗಿರುತ್ತವೆ. ಮಗು ಇನ್ನೂ ಬೋರಲು ಬಿದ್ದಿಲ್ಲ, ಎಂಟು ತಿಂಗಳಾದರೂ ಅಂಬೆಗಾಲಿಟ್ಟಿಲ್ಲ, ನಾದಿನಿಯ ಮಗು ಹತ್ತು ತಿಂಗಳಿಗೇ ಹೆಜ್ಜೆ ಹಾಕಿತು, ನಮ್ಮದು ವರ್ಷ ತುಂಬುತ್ತಾ ಬಂದರೂ ಗೋಡೆ ಹಿಡಿದೇ ನಿಂತಿದೆ. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಗು ನನ್ನ ದನಿಗೆ ತಿರುಗುತ್ತದೆಯೇ, ನಾನು ಆಡಿದ್ದಕ್ಕೆ ತಿರುಗಿ ಸದ್ದು ಮಾಡುತ್ತದೆಯೇ ಎಂದು ತಾವಾಗಿ ಕೇಳಿದ ಪೋಷಕರು ಬೆರಳೆಣಿಕೆಯಷ್ಟು ಮಾತ್ರ. ನಾನೇ ಕೇಳಿದಾಗ ಬರುವ ಉತ್ತರವೂ ಪ್ರತಿಸಲ ಒಂದೇ ಆಗಿರುತ್ತದೆ: "ಕಿವಿ ಚೆನ್ನಾಗೇ ಕೇಳುಸ್ತದೆ ಡಾಕ್ಟ್ರಮ್ಮಾ, ತಟ್ಟೆ ಬಡದು ನೋಡಿದ್ದೀವಿ." ಇಂದಿನ ಅಂಕಣವನ್ನು ಪೂರ್ತಿಯಾಗಿ ಆ ತಟ್ಟೆಗೇ ಮೀಸಲಿಡುತ್ತಿದ್ದೇನೆ.

ಮೊದಲು ಕಾಲಿನ ವಿಷಯವನ್ನು ಬೇಗ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಧಾರವಿಲ್ಲದೆ ಕೂರುವುದಕ್ಕೆ 3.8ರಿಂದ 9.2 ತಿಂಗಳು, ತಾನಾಗಿ ನಡೆಯುವುದಕ್ಕೆ 8.2ರಿಂದ 17.6 ತಿಂಗಳು ಎಂಬ ಅವಧಿಗಳಿವೆ. ಅದೇ ಅಧ್ಯಯನದ ಶೇ. 4ಕ್ಕೂ ಸ್ವಲ್ಪ ಹೆಚ್ಚು ಮಕ್ಕಳು ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ, ನೇರವಾಗಿ ಎದ್ದು ನಡೆದರು. ಆದ್ದರಿಂದ ಹತ್ತು ತಿಂಗಳಿಗೆ ನಡೆದ ನಾದಿನಿಯ ಮಗುವೂ ಹದಿನೈದು ತಿಂಗಳಿಗೆ ನಡೆಯುವ ನಿಮ್ಮ ಮಗುವೂ ಒಂದೇ ಹೊಲದ ಬೆಳೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದ ಲೆಕ್ಕ ಹಿಡಿಯದೆ ವೈದ್ಯರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಹಿಡಿಯಬೇಕು. ಎರಡು ತಿಂಗಳು ಮೊದಲೇ ಹುಟ್ಟಿ ಈಗ ಎಂಟು ತಿಂಗಳಾಗಿರುವ ಮಗುವಿನಿಂದ ಆರು ತಿಂಗಳ ಮಗುವಿನ ಆಟಗಳನ್ನಷ್ಟೇ ನಿರೀಕ್ಷಿಸಬೇಕು.

ಈಗ ತಟ್ಟೆಗೆ ಬರೋಣ. ಮಗುವನ್ನು ಚಾಪೆಯ ಮೇಲೆ ಮಲಗಿಸಿ ಅಥವಾ ತೊಡೆಯ ಮೇಲೆ ಕೂರಿಸಿ, ಅಜ್ಜಿಯೋ ಅತ್ತೆಯೋ ಹಿಂದಿನಿಂದ ಬಂದು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತಾರೆ, ಮಗು ಬೆಚ್ಚುತ್ತದೆ ಅಥವಾ ತಿರುಗುತ್ತದೆ, ಮನೆಮಂದಿಯೆಲ್ಲ ನಿಟ್ಟುಸಿರು ಬಿಡುತ್ತಾರೆ. ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆಂಬುದನ್ನು ನಾನು ಬಲ್ಲೆ. ಆದರೂ ಇದರಿಂದ ತಿಳಿಯುವುದು ಬಹಳ ಕಡಿಮೆ, ತಪ್ಪು ತಿಳಿಯುವುದು ಬಹಳ ಹೆಚ್ಚು.

ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ತಟ್ಟೆಯ ಸದ್ದು ನಾವು ಮಾತನಾಡುವ ದನಿಗಿಂತ ಎಷ್ಟೋ ಪಾಲು ಜೋರಾದದ್ದು. ಎದುರು ಕುಳಿತು ಸಹಜವಾಗಿ ಆಡುವ ಮಾತು ಸುಮಾರು 60 ಡೆಸಿಬೆಲ್‌ನಷ್ಟಿರುತ್ತದೆ. ಕಿವಿಯ ಹತ್ತಿರ ಬಡಿದ ತಟ್ಟೆ ಅದನ್ನು ಬಹಳವೇ ಮೀರುತ್ತದೆ. ಅರ್ಧಂಬರ್ಧ ಕೇಳಿಸುವ ಮಗುವಿಗೆ ತಟ್ಟೆ ಕೇಳಿಸುತ್ತದೆ, ತಾಯಿಯ ಮಾತು ಕೇಳಿಸುವುದಿಲ್ಲ. ಇನ್ನು ಕೆಲವು ಮಕ್ಕಳಿಗೆ ದಪ್ಪ ಸ್ವರಗಳು ಕೇಳಿಸಿ ಕೀರಲು ಸ್ವರಗಳು ಮಾತ್ರ ಕೇಳಿಸದೆ ಹೋಗುತ್ತವೆ. ಅಂಥ ಮಗು ತಮಟೆಗೂ ಟ್ರ್ಯಾಕ್ಟರ್ ಸದ್ದಿಗೂ ಸರಿಯಾಗಿ ತಿರುಗುತ್ತದೆ, ಆದರೆ 'ಸ', 'ಶ' ಮುಂತಾದ ಅಕ್ಷರಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ಇಷ್ಟೇ ಅಲ್ಲದೆ, ಬಡಿಯುವ ಕೈ ಗಾಳಿಯನ್ನು ಅಲುಗಿಸುತ್ತದೆ, ನೆರಳು ಹಾಯುತ್ತದೆ, ನೆಲ ಅದುರುತ್ತದೆ. ಎದುರಿಗಿರುವ ತಾಯಿ ತನಗೇ ತಿಳಿಯದಂತೆ ಒಂದು ಕ್ಷಣ ಮೊದಲೇ ಅತ್ತೆಯ ಕಡೆ ಕಣ್ಣು ಹಾಯಿಸಿರುತ್ತಾಳೆ. ಕಿವಿ ಕೇಳದ ಮಗುವಿನ ಕಣ್ಣು ಬಹಳ ಚುರುಕು. ಅದು ತಾಯಿಯ ನೋಟದ ಜಾಡು ಹಿಡಿದು ಹಿಂದಕ್ಕೆ ತಿರುಗುತ್ತದೆ, ಮತ್ತು ನಾವು ಅದನ್ನು ಕಿವಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಇದಕ್ಕೆ ವ್ಯತಿರಿಕ್ತವಾಗಿ, ಕಿವಿ ಪೂರ್ತಿ ಸರಿಯಿರುವ ಮಗು ಮೂರನೆಯ ಸಲ ಬಡಿದಾಗ ಬೇಸರದಿಂದ ಸುಮ್ಮನಿರಬಹುದು. ಅದಕ್ಕೇ ತಟ್ಟೆಗೆ ತಿರುಗಿದರೂ, ತಿರುಗದಿದ್ದರೂ, ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ನಾನು ಕೇಳಿಕೊಳ್ಳುವುದು.

ಎರಡನೆಯ ಸಮಾಧಾನವೂ ಹೀಗೆಯೇ ಮೋಸಗೊಳಿಸುತ್ತದೆ: "ಮೂರು ತಿಂಗಳಿಗೇ ಆ, ಊ ಅಂತ ಕೂಗ್ತಿತ್ತು, ಕಿವುಡಾಗಿದ್ರೆ ಹೆಂಗೆ ಕೂಗ್ತಿತ್ತು?" ಹುಟ್ಟಿನಿಂದಲೇ ಕಿವಿ ಕೇಳದ ಮಗುವೂ ಅಳುತ್ತದೆ, ನಗುತ್ತದೆ, ಮೊದಲ ತಿಂಗಳುಗಳಲ್ಲಿ ಆ-ಊ ಎನ್ನುತ್ತದೆ, ಮುಖಕ್ಕೆ ಮುಖ ಕೊಟ್ಟು ಆಡುತ್ತದೆ. ವ್ಯತ್ಯಾಸ ಕಾಣಿಸಿಕೊಳ್ಳುವುದು ಆರೇಳು ತಿಂಗಳಿನಿಂದ ಹತ್ತು ತಿಂಗಳವರೆಗಿನ ಅವಧಿಯಲ್ಲಿ. ಕಿವಿ ಕೇಳುವ ಮಗು ಆ ಹೊತ್ತಿಗೆ ತನ್ನ ಸದ್ದನ್ನು ತಾನೇ ಕೇಳಿ ಖುಷಿಪಟ್ಟು, ಮನೆಯವರ ದನಿಗೆ ಹೊಂದಿಸಿಕೊಳ್ಳುತ್ತಾ, 'ಬಬಬ', 'ದದದ', 'ಮಮಮ' ಎಂದು ಅಕ್ಷರಗಳನ್ನು ಪೋಣಿಸತೊಡಗುತ್ತದೆ. ಕೇಳದ ಮಗುವಿನಲ್ಲಿ ಈ ಪೋಣಿಸುವಿಕೆ ಬರುವುದೇ ಇಲ್ಲ, ಅಥವಾ ಬಹಳ ತಡವಾಗುತ್ತದೆ. ಮೊದಲಿದ್ದ ಆ-ಊ ಕೂಡ ಕೆಲವರಲ್ಲಿ ಕ್ಷೀಣಿಸುತ್ತದೆ. ಹತ್ತು ತಿಂಗಳಾದರೂ ಮಗುವಿನ ಬಾಯಿಂದ ಇಂಥ ಅಕ್ಷರಮಾಲೆ ಹೊರಟಿಲ್ಲವಾದರೆ, ಅದು ಎಷ್ಟೇ ಚೆನ್ನಾಗಿ ಓಡಾಡುತ್ತಿದ್ದರೂ ಕಿವಿಯ ಪರೀಕ್ಷೆ ಮಾಡಿಸಲೇಬೇಕು.

ನಮ್ಮ ಸೀಮೆಯಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದಿರಲು ಇನ್ನೊಂದು ಕಾರಣವೂ ಇದೆಯೆಂದು ನನಗೆ ಅನ್ನಿಸಿದೆ. ಬಾಣಂತನ ತವರಿನಲ್ಲಿ ನಡೆಯುತ್ತದೆ. ಮಗುವಿನ ಮೊದಲ ಆ-ಊ ಕೇಳಿದವರು ತಾಯಿಯ ತಾಯಿ. ಐದನೆಯ ತಿಂಗಳಿಗೆ ಮಗು ಗಂಡನ ಮನೆಗೆ ಬರುತ್ತದೆ, ಅಲ್ಲಿನ ಅಜ್ಜಿಗೆ ಮಗು ಮೊದಲು ಎಷ್ಟು ಸದ್ದು ಮಾಡುತ್ತಿತ್ತೆಂಬುದು ಗೊತ್ತಿರುವುದಿಲ್ಲ. ಪಾಂಡವಪುರದ ಕಡೆಯ ಒಂದು ಕುಟುಂಬ ಹನ್ನೊಂದು ತಿಂಗಳ ಗಂಡುಮಗುವನ್ನು ಇನ್ನೂ ನಡೆದಿಲ್ಲವೆಂದು ಕರೆತಂದಿತ್ತು. ಕಾಲುಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಮೇಜಿನ ಅಂಚು ಹಿಡಿದು ಆರಾಮವಾಗಿ ಸರಿದಾಡುತ್ತಿದ್ದ. ಅವನ ಹೆಸರು ಹಿಡಿದು ನಾನು ಪಕ್ಕದಿಂದ, ಕಣ್ಣಿಗೆ ಬೀಳದಂತೆ, ಮೆಲ್ಲಗೆ ನಾಲ್ಕು ಸಲ ಕರೆದೆ. ತಿರುಗಲಿಲ್ಲ. ತಟ್ಟೆಯ ಮಾತು ಬಂತು, ಗಂಡುಮಕ್ಕಳು ಮಾತಾಡುವುದು ತಡ ಎಂಬ ಮಾತು ಬಂತು, ಅವನ ಅಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು ಎಂಬುದೂ ಬಂತು. ನಾಲಿಗೆ ಹಗುರಾಗಲೆಂದು ಬಜೆ ತೇಯ್ದು ಹಚ್ಚುತ್ತಿದ್ದರು. ಆ ಹೊತ್ತಿನಲ್ಲಿ ತಾಯಿ ಮಾತ್ರ ನೆಲ ನೋಡುತ್ತಾ, "ತವರಲ್ಲಿದ್ದಾಗ ಜಾಸ್ತಿ ಕೂಗ್ತಿದ್ದ, ಇಲ್ಲಿಗೆ ಬಂದ ಮೇಲೆ ಕಮ್ಮಿಯಾಯ್ತು, ಜಾಗ ಬದಲಾಗಿದ್ದಕ್ಕೆ ಅಂದ್ಕೊಂಡೆ" ಎಂದಳು. ಪರೀಕ್ಷೆಯಲ್ಲಿ ಎರಡೂ ಕಿವಿಗಳಲ್ಲಿ ತೀವ್ರ ದೋಷ ಕಂಡುಬಂತು. ಹುಟ್ಟಿದ ಆಸ್ಪತ್ರೆಯಲ್ಲಿ ಯಾರೂ ಕಿವಿ ಪರೀಕ್ಷಿಸಿರಲಿಲ್ಲ.

ಹೇಗೆ ಗಮನಿಸಬೇಕೆಂಬುದನ್ನು ಹೇಳುತ್ತೇನೆ. ಎರಡು ತಿಂಗಳ ಹೊತ್ತಿಗೆ ಅಳುತ್ತಿರುವ ಮಗು, ಎತ್ತಿಕೊಳ್ಳುವ ಮೊದಲೇ, ತಾಯಿಯ ದನಿ ಕೇಳಿದಾಗಲಾದರೂ ಆಗಾಗ ಸುಮ್ಮನಾಗಬೇಕು. ಐದಾರು ತಿಂಗಳಿಗೆ ಪಕ್ಕದಿಂದ ಬರುವ ಸಾಧಾರಣ ಮಾತಿಗೆ, ಗಿಲಕಿಯ ಸಣ್ಣ ಸದ್ದಿಗೆ ಕತ್ತು ತಿರುಗಿಸಿ ಹುಡುಕಬೇಕು. ಒಂಬತ್ತು ತಿಂಗಳಿಗೆ ತನ್ನ ಹೆಸರಿಗೆ ತಿರುಗಬೇಕು. ವರ್ಷದ ಹೊತ್ತಿಗೆ ಕೈಸನ್ನೆ ಮಾಡದೆ ಬರೀ ಬಾಯಲ್ಲಿ 'ಟಾಟಾ ಮಾಡು', 'ತಾರಮ್ಮಯ್ಯ ಆಡು' ಎಂದರೆ ಮಾಡಬೇಕು. ಈ ಸನ್ನೆಯ ವಿಷಯವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಾವು ಹೇಳುತ್ತಲೇ ಕೈ ಆಡಿಸುತ್ತೇವೆ, ಮಗು ನಮ್ಮ ಕೈ ನೋಡಿ ಆಡುತ್ತದೆ, ಮಾತು ತಿಳಿಯಿತೆಂದು ನಾವು ಸಂತೋಷಪಡುತ್ತೇವೆ. ಇವೆಲ್ಲ ಸರಿಯಿದ್ದರೂ ಕಿವಿ ಪೂರ್ತಿ ಸರಿಯೆಂದು ಮನೆಯಲ್ಲೇ ಖಚಿತಪಡಿಸಿಕೊಳ್ಳಲಾಗದು. ಹಾಗೆಯೇ ಒಂದು ತಪ್ಪಿದ ಮಾತ್ರಕ್ಕೆ ಕಿವುಡೆಂದೂ ಅಲ್ಲ. ಹೆಸರಿಗೆ ತಿರುಗದಿರುವುದಕ್ಕೆ ಬೆಳವಣಿಗೆಯ ಬೇರೆ ಕಾರಣಗಳೂ ಇರಬಹುದು, ಅವನ್ನು ನೋಡುವುದಕ್ಕೂ ಮೊದಲು ಕಿವಿಯನ್ನು ಪರೀಕ್ಷಿಸಿಯೇ ಮುಂದುವರಿಯಬೇಕಾಗುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ಓಎಇ ಎಂಬ ಪರೀಕ್ಷೆಯಲ್ಲಿ ನಿದ್ದೆ ಮಾಡುತ್ತಿರುವ ಮಗುವಿನ ಕಿವಿಗೆ ಮೆತ್ತನೆಯ ಸಣ್ಣ ತುದಿಯೊಂದನ್ನು ಇಟ್ಟು, ಒಳಗಿವಿಯ ಸೂಕ್ಷ್ಮ ಕೋಶಗಳು ಸದ್ದಿಗೆ ಕೊಡುವ ಪ್ರತಿಧ್ವನಿಯನ್ನು ಯಂತ್ರ ಅಳೆಯುತ್ತದೆ. ಚುಚ್ಚುವುದಿಲ್ಲ, ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ಹುಟ್ಟಿದ ಒಂದೆರಡು ದಿನಗಳಲ್ಲಿ ಮಾಡಿದಾಗ ಕಿವಿಯೊಳಗೆ ಉಳಿದ ದ್ರವದಿಂದಾಗಿ ಎಷ್ಟೋ ಆರೋಗ್ಯವಂತ ಮಕ್ಕಳಿಗೂ 'ರೆಫರ್' ಎಂದು ಬರುತ್ತದೆ. ಅದರ ಅರ್ಥ ಮತ್ತೆ ಪರೀಕ್ಷಿಸಿ ಎಂದಷ್ಟೇ. ಇಲ್ಲಿಯೂ ಎರಡು ಬಗೆಯ ತಪ್ಪು ನಡೆಯುತ್ತದೆ: ಕೆಲವರು ಆ ಚೀಟಿ ನೋಡಿ ಮನೆಯಲ್ಲಿ ಅಳುತ್ತಾ ಕೂರುತ್ತಾರೆ, ಕೆಲವರು ಚೀಟಿಯನ್ನು ತಾಯಿ ಕಾರ್ಡಿನೊಳಗೆ ಮಡಚಿಟ್ಟು ಮರೆಯುತ್ತಾರೆ. ಮರುಪರೀಕ್ಷೆಗೆ ಬಂದವರಲ್ಲಿ ಹೆಚ್ಚಿನ ಮಕ್ಕಳು ಪಾಸಾಗಿಯೇ ಹೋಗುತ್ತಾರೆ. ತೀವ್ರ ನಿಗಾ ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಮಕ್ಕಳು, ಕಾಮಾಲೆಗೆ ರಕ್ತ ಬದಲಾಯಿಸಿಕೊಂಡ ಮಕ್ಕಳು, ಮಿದುಳುಜ್ವರ ಬಂದಿದ್ದ ಮಕ್ಕಳು, ಇವರಿಗೆ ಓಎಇ ಸಾಲದು, ಕಿವಿಯಿಂದ ಮಿದುಳಿಗೆ ಹೋಗುವ ನರದ ದಾರಿಯನ್ನೂ ನೋಡುವ ಬೆರಾ ಪರೀಕ್ಷೆ ಬೇಕಾಗುತ್ತದೆ. ಹುಟ್ಟಿದಾಗ ಪಾಸಾದ ಕೆಲವು ಮಕ್ಕಳಲ್ಲಿ ಮುಂದೆ ದೋಷ ಕಾಣಿಸಿಕೊಳ್ಳುವುದೂ ಉಂಟು, ಅದಕ್ಕೇ ಪರೀಕ್ಷೆಯಾಗಿದ್ದರೂ ಗಮನಿಸುವುದನ್ನು ಬಿಡಬಾರದು.

ಒಂದು ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆರಂಭ, ಇದು ಜಗತ್ತಿನ ಹಲವೆಡೆ ವೈದ್ಯರು ಇಟ್ಟುಕೊಂಡಿರುವ ಗುರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಒಂದೆರಡು ಗಂಟೆಯ ದಾರಿ. ದೂರದ ರಾಜ್ಯಗಳಿಂದ ರೈಲು ಹತ್ತಿ ತಂದೆತಾಯಿಯರು ಅಲ್ಲಿಗೆ ಬರುತ್ತಾರೆ, ಮದ್ದೂರಿನಿಂದ ಬಸ್ಸು ಹತ್ತಬೇಕಾದವರು ಮಗುವಿಗೆ ಎರಡೂವರೆ ವರ್ಷವಾಗುವವರೆಗೆ ಕಾಯುತ್ತಾರೆ. ಇದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನವೂ ಸೇರಿದೆ, ಆದ್ದರಿಂದ ಖರ್ಚಿಗೆ ಹೆದರಿ ಹಿಂಜರಿಯುವವರು ಆಶಾ ಕಾರ್ಯಕರ್ತೆಯನ್ನೋ ಸರ್ಕಾರಿ ಆಸ್ಪತ್ರೆಯನ್ನೋ ಮೊದಲು ವಿಚಾರಿಸಬೇಕು. ಶ್ರವಣ ಸಾಧನವನ್ನು ಕೆಲವೇ ವಾರಗಳ ಕೂಸಿಗೂ ಹಾಕಬಹುದು. ಮಗು ಚಿಕ್ಕದು, ದೊಡ್ಡದಾಗಲಿ ಎಂದು ಕಾಯುವುದಕ್ಕೆ ಯಾವ ಆಧಾರವೂ ಇಲ್ಲ. ಮೊದಲ ವರ್ಷಗಳಲ್ಲಿ ಸದ್ದು ತಲುಪದಿದ್ದರೆ ಮಿದುಳಿನಲ್ಲಿ ಮಾತನ್ನು ಗುರುತಿಸುವ ಭಾಗಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ, ಆಮೇಲೆ ಎಂಥ ಸಾಧನ ಹಾಕಿದರೂ ಕಲಿಕೆ ಬಹಳ ಕಷ್ಟವಾಗುತ್ತದೆ.

ದೋಷ ಖಚಿತವಾದ ದಿನ ಮನೆಯವರು ಕಾರಣ ಹುಡುಕುತ್ತಾರೆ, ಮತ್ತು ಆ ಬೆರಳು ಹೆಚ್ಚಾಗಿ ಸೊಸೆಯ ಕಡೆಗೇ ತಿರುಗುತ್ತದೆ. ಸಾವಿರ ಶಿಶುಗಳಲ್ಲಿ ಒಂದರಿಂದ ಮೂರು ಶಿಶುಗಳಿಗೆ ಇಂಥ ದೋಷವಿರಬಹುದೆಂಬುದು ಸಾಮಾನ್ಯ ಅಂದಾಜು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದ ಕುಟುಂಬಗಳಲ್ಲಿ ಸಾಧ್ಯತೆ ಹೆಚ್ಚು, ಏಕೆಂದರೆ ಮರೆಯಲ್ಲಿರುವ ಒಂದೇ ದೋಷ ಗಂಡಹೆಂಡಿರಿಬ್ಬರಲ್ಲೂ ಇರಬಹುದು. ಅದು ಇಬ್ಬರಿಂದಲೂ ಬಂದದ್ದು, ಒಬ್ಬರದಲ್ಲ. ಆದರೆ ದೋಷವಿರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲೇ ಗುರುತಿಸಬಹುದಾದ ಯಾವ ಅಪಾಯದ ಸೂಚನೆಯೂ ಇರುವುದಿಲ್ಲ, ಆದ್ದರಿಂದ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಎಂಬ ಮಾತು ಪರೀಕ್ಷೆ ಬಿಡುವುದಕ್ಕೆ ಕಾರಣವಾಗದು.

ಅಜ್ಜಿಯರ ಮೇಲೆ ನಾನು ದೂರು ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯೊಂದರ ಅಜ್ಜಿ ಮೂರು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು, ಮಗಳು ಬೇಡವೆಂದರೂ ಕೇಳದೆ, ಒಬ್ಬರೇ ಬಂದಿದ್ದರು. ಅವರು ತಟ್ಟೆ ಬಡಿದಿರಲಿಲ್ಲ. "ಹನ್ನೊಂದು ಮಕ್ಕಳನ್ನ ತೂಗಿದ್ದೀನಿ ಡಾಕ್ಟ್ರಮ್ಮಾ. ಜೋಗುಳಕ್ಕೆ ಎಲ್ಲವೂ ಒಂದಲ್ಲ ಒಂದ್ಸಲ ಬಾಯಿ ಮುಚ್ಚಿ ಕೇಳ್ತವೆ. ಇವಳು ಕತ್ತಲಲ್ಲಿ ಹಾಡಿದ್ರೆ ಅಳ್ತಲೇ ಇರ್ತಾಳೆ, ದೀಪ ಹಾಕಿ ಮುಖ ತೋರ್ಸಿದ್ರೆ ಸುಮ್ಮನಾಗ್ತಾಳೆ." ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ನನ್ನ ಕಿರಿಯ ವೈದ್ಯರಿಂದಲೂ ಕೇಳಿಲ್ಲ. ಆ ಮಗುವಿಗೆ ಐದನೆಯ ತಿಂಗಳಿಗೇ ಸಾಧನ ಹಾಕಲಾಯಿತು.

ಕಾಲಿನ ವಿಷಯವನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳಿದಂತಾಗಬಾರದು. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದಿದ್ದರೆ, ವರ್ಷದೊಳಗೇ ಒಂದು ಕೈಯನ್ನು ಮಾತ್ರ ಬಳಸುತ್ತಿದ್ದರೆ, ಮೈ ತೀರಾ ಸಡಿಲವಾಗಿ ಅಥವಾ ಬಿಗಿಯಾಗಿ ಕಂಡರೆ ತೋರಿಸಿ. ಬಂದಿದ್ದ ಆಟ, ನಗು, ಸದ್ದುಗಳು ಹಿಂದಕ್ಕೆ ಹೋಗುತ್ತಿದ್ದರೆ ಯಾವ ತಿಂಗಳೇ ಆಗಿರಲಿ ಅದೇ ವಾರ ತೋರಿಸಿ.

ಬರುವಾಗ ತಾಯಿ ಕಾರ್ಡನ್ನೂ ಹುಟ್ಟಿದ ಆಸ್ಪತ್ರೆಯ ಚೀಟಿಗಳನ್ನೂ ತನ್ನಿ. ಮಗು ತನ್ನಷ್ಟಕ್ಕೆ ತಾನು ಸದ್ದು ಮಾಡುತ್ತಾ ಆಡುತ್ತಿರುವಾಗ ಎರಡು ನಿಮಿಷದ ವಿಡಿಯೋ ಮೊಬೈಲಿನಲ್ಲಿ ಹಿಡಿದು ತನ್ನಿ, ಏಕೆಂದರೆ ನನ್ನ ಕೊಠಡಿಗೆ ಬಂದ ಮಗು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಮತ್ತು ಹಗಲಿಡೀ ಮಗುವಿನ ಜೊತೆ ಇರುವವರು ಯಾರೋ, ತವರಿನ ಅಜ್ಜಿಯಾದರೂ ಸರಿ, ಅವರನ್ನು ಕರೆದುಕೊಂಡೇ ಬನ್ನಿ.